ಕಿವುಡೆಂದು ಕೈಬಿಡುವ ಮುನ್ನ

ಮನೆಯ ಹಿರಿಯರ ಕಣ್ಣು ಮಂಜಾದರೆ ಮಕ್ಕಳು ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ಹಲ್ಲು ಅಲುಗಿದರೂ ಅಷ್ಟೇ. ಆದರೆ ಕಿವಿ ಕೇಳಿಸದೆ ಹೋದರೆ ಮಾತ್ರ "ವಯಸ್ಸಾಯಿತಲ್ಲ" ಎಂಬ ಒಂದೇ ಮಾತಿನಲ್ಲಿ ವಿಚಾರ ಮುಗಿದುಬಿಡುತ್ತದೆ. ಅಂದಿನಿಂದ ಆ ಹಿರಿಯರೊಡನೆ ಮಾತು ಕಡಿಮೆಯಾಗುತ್ತದೆ, ಆಡಿದ ಮಾತಿಗೂ ಗದರಿಕೆಯ ಧ್ವನಿ ಬರುತ್ತದೆ, ಮೊಮ್ಮಕ್ಕಳು ಮುಸಿಮುಸಿ ನಗುತ್ತಾರೆ. ಕುರುಡನನ್ನು ಕಂಡು ನಗಲು ಯಾರಿಗೂ ಮನಸ್ಸು ಬಾರದು. ಕಿವುಡನ ವಿಷಯದಲ್ಲಿ ನಮ್ಮ ಸಮಾಜಕ್ಕೆ ಆ ಸಂಕೋಚವಿಲ್ಲ. ವಾರ್ಷಿಕೋತ್ಸವದ ನಾಟಕಗಳಲ್ಲಿಯೂ ಕಿವುಡನೆಂದರೆ ನಗೆಪಾತ್ರವೇ.

ಹೀಗೆ ಕೈಬಿಟ್ಟವರಲ್ಲಿ ಎಷ್ಟೋ ಮಂದಿಯ ಶ್ರವಣಶಕ್ತಿ ನಿಜಕ್ಕೂ ನಷ್ಟವಾಗಿರುವುದಿಲ್ಲ. ಕಿವಿಯ ನಾಳದಲ್ಲಿ ಗುಗ್ಗೆ ಗಟ್ಟಿಯಾಗಿ ಕುಳಿತು ಶಬ್ದದ ದಾರಿಯನ್ನು ಮುಚ್ಚಿರುತ್ತದೆ, ಅಷ್ಟೇ. ಕೇಂದ್ರ ಸರಕಾರವು 2007ರಲ್ಲಿ ಆರಂಭಿಸಿದ ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದ ದಾಖಲೆಗಳು ದೇಶದಲ್ಲಿನ ಶ್ರವಣದೋಷದ ಕಾರಣಗಳಲ್ಲಿ ಗುಗ್ಗೆಗೆ ಶೇಕಡಾ 15.9ರ ಪಾಲನ್ನು ಕೊಟ್ಟಿವೆ. ಸರಿಪಡಿಸಬಹುದಾದ ಕಾರಣಗಳಲ್ಲಿ ಅದೇ ಮೊದಲನೆಯದು. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮಕ್ಕಳಲ್ಲಿ ಹತ್ತರಲ್ಲೊಬ್ಬರಿಗೆ, ವಯಸ್ಕರಲ್ಲಿ ಇಪ್ಪತ್ತರಲ್ಲೊಬ್ಬರಿಗೆ ಗುಗ್ಗೆ ಮಿತಿಮೀರಿ ಕೂಡಿಕೊಂಡಿರುತ್ತದೆ. ವೃದ್ಧರಲ್ಲಿ ಈ ಪ್ರಮಾಣ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ತರಗತಿಯಲ್ಲಿ 'ಗಮನವಿಲ್ಲದ ಹುಡುಗ' ಎಂದು ಬೈಸಿಕೊಳ್ಳುವ ಬಾಲಕನನ್ನೂ ಒಮ್ಮೆ ವೈದ್ಯರಿಗೆ ತೋರಿಸುವುದು ಲೇಸು.

ಗುಗ್ಗೆಯನ್ನು ಕೊಳೆಯೆಂದು ತಿಳಿದಿರುವುದೇ ಅನರ್ಥಕ್ಕೆ ಮೂಲ. ಅದು ಕಿವಿಯ ನಾಳದ ಹೊರಭಾಗದ ಗ್ರಂಥಿಗಳು ಸ್ರವಿಸುವ ಮೇಣದಂತಹ ವಸ್ತು. ಧೂಳನ್ನು ಹಿಡಿದಿಡುತ್ತದೆ, ನೀರು ಚರ್ಮಕ್ಕೆ ಇಳಿಯದಂತೆ ಕಾಯುತ್ತದೆ, ತನ್ನ ಅಲ್ಪ ಆಮ್ಲಗುಣದಿಂದ ರೋಗಾಣುಗಳನ್ನು ತಡೆಯುತ್ತದೆ. ಎರಡೂವರೆ ಸೆಂಟಿಮೀಟರಿನಷ್ಟು ಉದ್ದದ ಆ ನಾಳದ ಚರ್ಮವು ತಮಟೆಯ ಕಡೆಯಿಂದ ಹೊರಮುಖವಾಗಿ ನಿಧಾನವಾಗಿ ಬೆಳೆಯುತ್ತಾ, ಹಳೆಯ ಗುಗ್ಗೆಯನ್ನು ತಾನಾಗಿಯೇ ಹೊರಗೆ ಸಾಗಿಸುತ್ತದೆ. ಅಗಿಯುವಾಗ, ಮಾತನಾಡುವಾಗ ದವಡೆಯ ಚಲನೆ ಈ ಕೆಲಸಕ್ಕೆ ನೆರವಾಗುತ್ತದೆ. ಸೃಷ್ಟಿಯೇ ಮಾಡಿಟ್ಟ ಏರ್ಪಾಡಿದು. ನಾವು ಮಾಡುವುದೇನು? ಸ್ನಾನ ಮುಗಿದೊಡನೆ ಹತ್ತಿ ಸುತ್ತಿದ ಕಡ್ಡಿಯನ್ನು ತೂರಿಸುತ್ತೇವೆ. ಅದಿಲ್ಲದಿದ್ದರೆ ಹೇರ್‌ಪಿನ್ನು, ಸೇಫ್ಟಿಪಿನ್ನು, ಬೆಂಕಿಕಡ್ಡಿ, ಬೀಗದ ಕೈ. ಕಡ್ಡಿಯ ತುದಿಯಲ್ಲಿ ಕಂದುಬಣ್ಣ ಕಂಡು ಕಿವಿ ಶುಚಿಯಾಯಿತೆಂದು ಸಂತೋಷಪಡುತ್ತೇವೆ. ಹೊರಗೆ ಬಂದುದು ಅಲ್ಪ. ಉಳಿದುದು ಕೋವಿಗೆ ಮದ್ದು ತುಂಬಿದಂತೆ ಒಳಕ್ಕೆ ಒತ್ತಲ್ಪಟ್ಟಿರುತ್ತದೆ. ಮುಂಬಯಿಯ ಬೀದಿಗಳಲ್ಲಿ ಕಿವಿ ಶುಚಿಮಾಡಿ ಹೊಟ್ಟೆ ಹೊರೆಯುವವರ ಮುಂದೆ ಕುಳಿತೆದ್ದು ಬಂದ ನಮ್ಮವರೂ ಇದ್ದಾರೆ. ಆ ಬಡವರ ಜೀವನೋಪಾಯದ ಬಗ್ಗೆ ಹಗುರವಾಗಿ ಮಾತನಾಡುವುದು ಬೇಡ. ಆದರೆ ಒಬ್ಬರಾದ ಮೇಲೊಬ್ಬರ ಕಿವಿಗೆ ಹೋಗುವ ಅದೇ ಕಡ್ಡಿಗೆ ಸ್ವಂತ ಕಿವಿಯನ್ನು ಒಡ್ಡುವುದೂ ಬೇಡ. ಕಿವಿಯಲ್ಲಿ ಮೇಣದ ಬತ್ತಿ ಉರಿಸಿ ಗುಗ್ಗೆ ಸೆಳೆಯುತ್ತೇವೆಂಬ ಹೊಸ ಚಿಕಿತ್ಸೆಯಂತೂ ಶುದ್ಧ ನಿರರ್ಥಕ. ಬತ್ತಿಯ ಬುಡದಲ್ಲಿ ಉಳಿಯುವುದು ಆ ಬತ್ತಿಯದೇ ಮೇಣ.

ತಲೆಗೆ ಸ್ನಾನ ಮಾಡಿ ಬಂದೊಡನೆ ಒಂದು ಕಿವಿ ಥಟ್ಟನೆ ಮುಚ್ಚಿಹೋಯಿತೆಂದು ಗಾಬರಿಪಡುವವರುಂಟು. ಒಳಗಿದ್ದ ಗುಗ್ಗೆ ನೀರು ಹೀರಿ ಉಬ್ಬಿದಾಗ ಹೀಗಾಗುತ್ತದೆ. ಆಗ ಹೊರಗಿನ ಮಾತು ದೂರವಾಗುತ್ತದೆ, ಸ್ವಂತ ಧ್ವನಿ ಮಾತ್ರ ಗುಡಾಣದೊಳಗಿನಿಂದ ಬಂದಂತೆ ದೊಡ್ಡದಾಗಿ ಕೇಳಿಸುತ್ತದೆ. ಆದುದರಿಂದ ಇಂಥವರು ತಮಗರಿವಿಲ್ಲದೆ ಮೆಲ್ಲನೆ ಮಾತನಾಡತೊಡಗುತ್ತಾರೆ. ಮನೆಯವರು ಅದನ್ನು ಮುನಿಸೆಂದು ಭಾವಿಸುತ್ತಾರೆ! ವೈದ್ಯರು ಕೆಲವೊಮ್ಮೆ ಗುಗ್ಗೆ ಮೆತ್ತಗಾಗಲೆಂದು ಮೂರು ನಾಲ್ಕು ದಿನ ಹನಿಮದ್ದು ಬಿಡಲು ಹೇಳುವುದುಂಟು. ಆ ದಿನಗಳಲ್ಲಿ ಕೇಳಿಸುವುದು ಇನ್ನಷ್ಟು ಮಂದವಾದರೂ ಹೆದರಬೇಕಿಲ್ಲ. ಕೇಳಿಸದ ವಿಚಾರವನ್ನು ಮುಚ್ಚಿಡದೆ ಮನೆಯಲ್ಲಿಯೂ ಕಛೇರಿಯಲ್ಲಿಯೂ ಹೇಳಿಬಿಡಬೇಕು. ಕೇಳಿಸದಿದ್ದರೂ ತಲೆದೂಗುವ ಅಭ್ಯಾಸದಿಂದ ಎಷ್ಟು ಮನಸ್ತಾಪಗಳು ಹುಟ್ಟಿವೆಯೋ! ರಸ್ತೆ ದಾಟುವಾಗ ಕಿವಿಯನ್ನು ನಂಬದೆ ಎರಡೂ ಕಡೆ ನೋಡಬೇಕು. ಮನೆಯವರಾದರೋ ಬೊಬ್ಬೆ ಹಾಕುವುದರ ಬದಲು ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಆಡಿದರೆ ಸಾಕು. ಸಂಜೆಯ ಜಪಮಾಲೆಯಲ್ಲಿ ಅಜ್ಜಿ ಒಂದು 'ನಮೋ ಮರಿಯಾ' ಹಿಂದೆ ಬಿದ್ದರೆ ಉಳಿದವರು ಅಷ್ಟು ಹೊತ್ತು ಕಾಯಲಾರರೇ?

ಕುದಿಯುವ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಿವಿಗೆ ಸುರಿಯುವ ಮನೆಮದ್ದು ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ಬಿಸಿಯೆಣ್ಣೆಯಿಂದ ನಾಳದ ಚರ್ಮ ಸುಡಬಹುದು. ಬಿಸಿ ಮಾಡದ ಎರಡು ಹನಿ ಎಣ್ಣೆಯೂ ತಮಟೆಯಲ್ಲಿ ತೂತಿಲ್ಲದವರಿಗೆ, ಕಿವಿ ಸೋರದವರಿಗೆ ಮಾತ್ರ ಸಲ್ಲುವಂಥದು. ವೈದ್ಯರು ಪಿಚಕಾರಿಯಿಂದ ನೀರು ಹಾಯಿಸುವಾಗಲೂ ದೇಹದ ಉಷ್ಣತೆಯಷ್ಟೇ ಬೆಚ್ಚಗಿನ ನೀರನ್ನು ಬಳಸುತ್ತಾರೆ. ತಣ್ಣೀರಾದರೆ ತಲೆ ಗಿರ್ರೆಂದು ತಿರುಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಲಾಗದು. ಹಠಾತ್ತನೆ ಕಿವಿ ಕೇಳಿಸದಾದುದೆಲ್ಲ ಗುಗ್ಗೆಯಿಂದಲೇ ಅಲ್ಲ. ಒಳಗಿವಿಗೆ ಬಡಿದ ಆಘಾತವೂ ಆರಂಭದಲ್ಲಿ ಹೀಗೆಯೇ ತೋರುತ್ತದೆ. ಬಾಯಿ ಮುಚ್ಚಿ 'ಹ್ಞೂಂ' ಎಂದು ಗುನುಗಿದಾಗ ಮುಚ್ಚಿದ ಕಿವಿಯಲ್ಲಿ ಆ ಧ್ವನಿ ಜೋರಾಗಿದ್ದರೆ ಸಾಮಾನ್ಯವಾಗಿ ಅದು ದಾರಿಯ ಅಡಚಣೆ. ಚೆನ್ನಾಗಿರುವ ಕಿವಿಯಲ್ಲೇ ಜೋರಾಗಿದ್ದರೆ ನರದ ತೊಂದರೆಯ ಸಂಶಯ. ಇದು ಸುಳಿವು ಮಾತ್ರ. ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ನರದ ತೊಂದರೆಯಾದರೆ ಚಿಕಿತ್ಸೆ ಮೊದಲ ಎರಡು ವಾರಗಳೊಳಗೆ, ಸಾಧ್ಯವಿದ್ದಷ್ಟು ಬೇಗ ಆರಂಭವಾಗಬೇಕು. "ಗುಗ್ಗೆಯಿರಬೇಕು, ಹಬ್ಬ ಮುಗಿಯಲಿ" ಎಂದು ಕಾದು ಕುಳಿತರೆ ಶಾಶ್ವತವಾಗಿ ಕಿವಿ ಕಳೆದುಕೊಳ್ಳುವ ಅಪಾಯವಿದೆ.

ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಪ್ರವಚನದುದ್ದಕ್ಕೂ ತಲೆತಗ್ಗಿಸಿ ಕುಳಿತಿರುವ ಹಿರಿಯರೆಲ್ಲರೂ ಧ್ಯಾನಮಗ್ನರೆಂದು ಭಾವಿಸುವಂತಿಲ್ಲ. ಗುರುಗಳು ತಮ್ಮ ಸಲುವಾಗಿ ಧ್ವನಿ ಎತ್ತರಿಸಿದರೆ ಸಾಲಿನಲ್ಲಿ ನಿಂತವರಿಗೆ ಕೇಳಿಸೀತೆಂಬ ಅಳುಕಿನಿಂದ ಪಾಪನಿವೇದನೆಗೆ ಹೋಗುವುದನ್ನೇ ಬಿಡುವಂತಾದರೆ ಅದೆಂತಹ ಸಂಕಟ! ನಮ್ಮ ಸಂಘಟನೆಗಳು ಏರ್ಪಡಿಸುವ ವೈದ್ಯಕೀಯ ಶಿಬಿರಗಳಲ್ಲಿ ರಕ್ತದೊತ್ತಡ ನೋಡುತ್ತಾರೆ, ಸಕ್ಕರೆ ನೋಡುತ್ತಾರೆ, ಕನ್ನಡಕ ಹಂಚುತ್ತಾರೆ. ಕಿವಿಯೊಳಗೆ ದೀಪ ಹಿಡಿದು ನೋಡುವ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ನೋಡಲು ಒಂದೆರಡು ನಿಮಿಷ ಸಾಕು. ಮುಂದಿನ ಶಿಬಿರಕ್ಕೆ ಕಿವಿ ತಜ್ಞರೊಬ್ಬರನ್ನೂ ಕರೆಯಬಾರದೇಕೆ? ಆದರೆ ಸಾಲಿನಲ್ಲಿ ನಿಲ್ಲಿಸಿ ಎಲ್ಲರ ಕಿವಿಗೂ ನೀರು ಹಾಯಿಸುವ ಉತ್ಸಾಹ ಸಲ್ಲದು. ಹಿಂದೆ ಕಿವಿ ಸೋರಿತ್ತೇ, ಶಸ್ತ್ರಚಿಕಿತ್ಸೆ ಆಗಿತ್ತೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಪ್ರತಿಯೊಬ್ಬರನ್ನೂ ಮೊದಲು ಕೇಳಲಿ; ಇದ್ದವರನ್ನು ಆಸ್ಪತ್ರೆಗೇ ಕಳುಹಿಸಲಿ.