ದನ ಕಾಯಲು ಹೋದ ಹುಡುಗ

ಓದು ತಲೆಗೆ ಹತ್ತದ ಹುಡುಗನಿಗೆ ನಮ್ಮ ಕಡೆಯ ಮನೆಗಳಲ್ಲಿ ಹೇಳುವ ಮಾತೊಂದುಂಟು: "ಸಾಲಿ ಬ್ಯಾಡಾದ್ರ ದನಾ ಕಾಯಾಕ ಹೋಗು!" ನಮ್ಮ ತಂದೆಯವರು ನಮಗೆ ಹೇಳಿದ್ದುಂಟು, ನಾವು ನಮ್ಮ ಮಕ್ಕಳಿಗೆ ಹೇಳಿದ್ದುಂಟು. ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಗನ ಗಣಿತದ ವಹಿಯನ್ನು ತೆರೆದು ನೋಡಿದೆವು. ಅದರಲ್ಲಿ ಲೆಕ್ಕಗಳಿಗಿಂತ ಕುದುರೆಗಳೇ ಹೆಚ್ಚಾಗಿದ್ದವು. ಹಳೆಯ ಮಾತು ತಾನಾಗಿಯೇ ಬಾಯಿಗೆ ಬಂದಿತು. ಹುಡುಗ ಮುಂಬಯಿಯಲ್ಲಿ ಹುಟ್ಟಿ ಬೆಳೆದವನು. ಅದು ಬಯ್ಗುಳವೆಂದು ಅವನಿಗೆ ತಿಳಿಯಲೇ ಇಲ್ಲ. "ಅಜ್ಜಾ, ಎಲ್ಲಿಗೆ ಹೋಗಬೇಕು? ಗಾಡಿ ಎಷ್ಟು ಗಂಟೆಗೆ ಅದ?" ಎಂದು ಕೇಳಿದ.

ನಕ್ಕುಬಿಟ್ಟೆವು. ಆದರೆ ಹೀಗೆ ನಿಜವಾಗಿಯೂ ಗಾಡಿ ಹತ್ತಿ ದನ ಕಾಯಲು ಹೋದ ಹುಡುಗನೊಬ್ಬನ ಕಥೆ ಆಗ ನಮಗೆ ನೆನಪಾಯಿತು. ಅದನ್ನೇ ಈ ಸಲ ವಾಚಕರ ಮುಂದಿಡುತ್ತೇವೆ.

ಅವನ ಹೆಸರು ಚಾರ್ಲ್ಸ್ ರಸೆಲ್. ಹುಟ್ಟಿದ್ದು 1864ರಲ್ಲಿ, ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ. ಸ್ಥಿತಿವಂತರ ಮನೆ, ಕುಟುಂಬಕ್ಕೆ ಇಟ್ಟಿಗೆ ತಯಾರಿಸುವ ಉದ್ಯಮವಿತ್ತು. ಮಗ ಓದಿ ಅದನ್ನು ನೋಡಿಕೊಳ್ಳಲಿ ಎಂಬುದು ಹಿರಿಯರ ಆಸೆ. ಮಗನೋ ಶಾಲೆ ತಪ್ಪಿಸುವವನು, ಪುಸ್ತಕದ ಅಂಚಿನಲ್ಲಿ ಚಿತ್ರ ಗೀಚುವವನು. ಶಿಸ್ತು ಬರಲೆಂದು ದೂರದ ಸೈನಿಕ ಶಾಲೆಗೆ ಕಳುಹಿಸಿದರು, ಅಲ್ಲಿಯೂ ನಿಲ್ಲಲಿಲ್ಲ. ಕಡೆಗೆ 1880ರಲ್ಲಿ, ಹದಿನಾರು ತುಂಬುವ ಹೊತ್ತಿಗೆ, ಪರಿಚಿತರೊಬ್ಬರ ಜೊತೆಮಾಡಿ ಮಾಂಟಾನಾ ಪ್ರಾಂತಕ್ಕೆ ಕಳುಹಿಸಿಕೊಟ್ಟರು. ಅಲ್ಲಿಯ ಕಷ್ಟ ಕಂಡರೆ ಹುಚ್ಚು ಬಿಟ್ಟೀತು, ಹುಡುಗ ಮನೆಗೆ ಮರಳಿಯಾನು ಎಂಬ ಲೆಕ್ಕಾಚಾರ. ಲೆಕ್ಕ ತಪ್ಪಿತು. ಅವನು ಅಲ್ಲಿಯವನೇ ಆಗಿಹೋದ.

ಮಾಂಟಾನಾ ಇರುವುದು ಅಮೆರಿಕದ ವಾಯವ್ಯದಲ್ಲಿ. ಪಶ್ಚಿಮಕ್ಕೆ ರಾಕಿ ಪರ್ವತಗಳು. ಪೂರ್ವಕ್ಕೆ ಕಣ್ಣು ಹಾಯುವವರೆಗೂ ಹುಲ್ಲುಗಾವಲು. ಮೊದಲು ಸಿಕ್ಕಿದ್ದು ಕುರಿ ಕಾಯುವ ಕೆಲಸ. ಕುರಿಗಳಿಗೂ ಅವನಿಗೂ ಹೊಂದಿಕೆಯಾಗಲಿಲ್ಲ. ಕೆಲಸ ಬಿಟ್ಟು ಅಲೆಯುತ್ತಿದ್ದವನಿಗೆ ಜೇಕ್ ಹೂವರ್ ಎಂಬ ಬೇಟೆಗಾರ ತನ್ನ ಗುಡಿಸಲಿನಲ್ಲಿ ಆಶ್ರಯ ಕೊಟ್ಟ. ಸುಮಾರು ಎರಡು ವರ್ಷ ಅವನ ಜೊತೆಗಿದ್ದು ಜಿಂಕೆ, ಕರಡಿ, ತೋಳಗಳ ಮೈಕಟ್ಟು, ನಡೆ, ಹೆಜ್ಜೆಗುರುತುಗಳನ್ನು ಹುಡುಗ ಕಲಿತ. ಚಿತ್ರಕಲೆಗೆ ಅವನ ಪಾಠಶಾಲೆ ಇದೇ.

1882ರಲ್ಲಿ ದನಗಾಹಿಗಳ ತಂಡದಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ದನದ ರ‍್ಯಾಂಚುಗಳೆಂದರೆ ನಮ್ಮ ಕೊಟ್ಟಿಗೆಗಳಂತಲ್ಲ. ಆ ಕಾಲಕ್ಕೆ ಬೇಲಿಯೇ ಇರಲಿಲ್ಲ. ಸಾವಿರಾರು ದನಗಳು ಬಯಲಿನಲ್ಲೇ ಮೇಯುತ್ತಿದ್ದವು. ಯಾರ ದನವೆಂಬುದಕ್ಕೆ ಮೈಮೇಲೆ ಕಾಸಿದ ಕಬ್ಬಿಣದ ಬರೆಯೇ ಗುರುತು. ವಸಂತದಲ್ಲಿ ಎಲ್ಲವನ್ನೂ ಒಟ್ಟುಗೂಡಿಸಿ ಹೊಸ ಕರುಗಳಿಗೆ ಬರೆ ಹಾಕುವುದು. ಮಳಿಗಾಲದಂಥ ಕಾಲ ಅಲ್ಲಿಲ್ಲವಾದ್ದರಿಂದ ಬೇಸಿಗೆಯಿಡೀ ಬಯಲಿನಲ್ಲಿ ಮೇಯಿಸಿ, ಚಳಿಗೆ ಮೊದಲು ಕೊಬ್ಬಿದವನ್ನು ಆರಿಸಿ ಪೇಟೆಗೆ ಹೊಡೆಯುವುದು. ರಸೆಲ್‌ನ ಪಾಲಿಗೆ ಬಂದದ್ದು ರಾತ್ರಿಯ ಕಾವಲು. ದನಗಳೂ ಕುದುರೆಗಳೂ ಬೆದರದಂತೆ ಹಾಡು ಗುನುಗುತ್ತ ಸುತ್ತುವುದು. ತಾನು ಒಳ್ಳೆಯ ಸವಾರನೂ ಅಲ್ಲ, ಹಗ್ಗ ಎಸೆಯುವುದರಲ್ಲಿ ಜಾಣನೂ ಅಲ್ಲ ಎಂದು ಅವನೇ ಮುಂದೆ ಒಪ್ಪಿಕೊಂಡಿದ್ದಾನೆ. ಆದರೆ ರಾತ್ರಿಯ ಕೆಲಸದಲ್ಲಿ ಒಂದು ಲಾಭವಿತ್ತು: ಹಗಲೆಲ್ಲ ಅವನದು. ಉಳಿದವರು ದುಡಿಯುವುದನ್ನು ನೋಡುತ್ತ ಚಿತ್ರ ಬರೆಯುತ್ತಿದ್ದ. ಇಂಥ ಬಾಳು ಹನ್ನೊಂದು ವರ್ಷ ನಡೆಯಿತು.

ಅದರ ನಡುವೆ ಬಂದದ್ದು 1886-87ರ ಚಳಿಗಾಲ. ಆ ಬಯಲಿನಲ್ಲಿ ಹಿಂದೆ ಮೇಯುತ್ತಿದ್ದುದು ಬೈಸನ್ ಎಂಬ ಕಾಡೆತ್ತುಗಳು. 1883-84ರ ಹೊತ್ತಿಗೆ ಬೇಟೆಗಾರರು ಅವುಗಳ ದೊಡ್ಡ ಹಿಂಡುಗಳನ್ನೆಲ್ಲ ಮುಗಿಸಿದ್ದರು. ತೆರವಾದ ಹುಲ್ಲಿಗೆ ಬಂಡವಾಳಗಾರರು ಮಿತಿಯಿಲ್ಲದೆ ದನಗಳನ್ನು ತಂದು ತುಂಬಿದರು. 1886ರ ಬೇಸಿಗೆಯಲ್ಲಿ ಮಳೆ ಹೋಯಿತು, ಹುಲ್ಲು ಒಣಗಿತು. ಮೇಲೆ ಹಿಮ ಬಿದ್ದು ಗಟ್ಟಿಯಾಯಿತು. ಬೈಸನ್ ತಲೆಯಿಂದ ಹಿಮವನ್ನು ಸರಿಸಿ ಮೇಯಬಲ್ಲದು; ದನಕ್ಕೆ ಆ ವಿದ್ಯೆ ಗೊತ್ತಿಲ್ಲ. ಹಿಮದ ಕೆಳಗೆ ಮೇವು, ಮೇಲೆ ಹಸಿದ ದನ. ಪರ್ವತದಿಂದ ಇಳಿದು ಬರುವ 'ಚಿನೂಕ್' ಎಂಬ ಬಿಸಿಗಾಳಿ ಬಂದರೆ ಮಾತ್ರ ಹಿಮ ಕರಗಬೇಕು. ಗಾಳಿ ಬೇಗ ಬರಲಿಲ್ಲ.

ಹೆಲೆನಾ ಪಟ್ಟಣದಲ್ಲಿದ್ದ ದನದ ಒಡೆಯ ಕಾಫ್‌ಮನ್ ಎಂಬಾತ, ಹಿಂಡು ಹೇಗಿದೆ ಎಂದು ಕಾಗದ ಬರೆದು ಕೇಳಿದ. ರ‍್ಯಾಂಚು ನೋಡಿಕೊಳ್ಳುತ್ತಿದ್ದ ಜೆಸ್ಸಿ ಫೆಲ್ಪ್ಸ್‌ಗೆ ಏನು ಬರೆಯುವುದೆಂದು ತೋಚಲಿಲ್ಲ. ಜೊತೆಯಲ್ಲಿದ್ದ ರಸೆಲ್ ಅಂಗೈಯಗಲದ ರಟ್ಟಿನ ತುಂಡೊಂದನ್ನು ತೆಗೆದುಕೊಂಡು ನೀರುಬಣ್ಣದಲ್ಲಿ ಒಂದು ಚಿತ್ರ ಬರೆದ. ಹಿಮದಲ್ಲಿ ಒಂದೇ ಒಂದು ದನ. ಎಲುಬು ಎಣಿಸಬಹುದು, ಬೆನ್ನು ಗೂನಾಗಿದೆ, ತಲೆ ಜೋತಿದೆ. ಅದು ಯಾವಾಗ ಬಿದ್ದೀತೆಂದು ತೋಳಗಳು ಕಾದಿವೆ. ಇದನ್ನು ಕಂಡ ಫೆಲ್ಪ್ಸ್ ಕಾಗದ ಬರೆಯುವ ಗೊಡವೆಗೇ ಹೋಗಲಿಲ್ಲ, ಚಿತ್ರವನ್ನೇ ಕಳುಹಿಸಿಕೊಟ್ಟ. ಕೈಯಿಂದ ಕೈಗೆ ಹೋದ ಆ ಚಿತ್ರ ಹೆಲೆನಾದಲ್ಲಿ ಮನೆಮಾತಾಯಿತು. 'ಚಿನೂಕಿಗಾಗಿ ಕಾಯುತ್ತ' ಎಂಬುದು ಅದರ ಹೆಸರು. ರಸೆಲ್‌ನ ಕೀರ್ತಿ ಮೊದಲಾದದ್ದು ಅಲ್ಲಿಂದ.

ಈ ಪ್ರಸಂಗವನ್ನು ನೆನೆದಾಗಲೆಲ್ಲ ನಮಗೆ ನಮ್ಮ ಹಳೆಯ ಕಾಗದಗಳು ನೆನಪಾಗುತ್ತವೆ. "ಉಭಯ ಕುಶಲೋಪರಿ ಸಾಂಪ್ರತ" ಎಂದು ಬರೆದು ಮುಂದುವರಿಯುವ ಕಾಗದಗಳು. ಮುಂಬಯಿಗೆ ಬಂದ ಮೊದಲ ವರ್ಷ ಕೈಯಲ್ಲಿದ್ದ ಕೆಲಸ ಹೋಯಿತು. ಒಂದು ಕೋಣೆಯಲ್ಲಿ ಆರು ಜನ. ಖಾನಾವಳಿಯಲ್ಲಿ ದಿನಕ್ಕೆ ಒಂದೇ ಊಟ. ಊಟಕ್ಕೆ ಹೇಗೆ, ವಸತಿಗೆ ಹೇಗೆ ಎಂದು ತಂದೆಯವರು ಕಾಗದದಲ್ಲಿ ಕೇಳುವರು. ಎಲ್ಲ ಕ್ಷೇಮವೆಂದು ನಾವು ಬರೆಯುವೆವು. ಊರವರೊಬ್ಬರಿಂದ ನಿಜ ಸಂಗತಿ ಅವರಿಗೆ ತಿಳಿಯಿತು. ದೀಪಾವಳಿಗೆ ಹೋದಾಗ ಅವರು ಸಿಟ್ಟು ಮಾಡಲಿಲ್ಲ. "ಕ್ಷೇಮ ಅಂತ ಬರದವ್ಗ ನಾ ಏನಂತ ಸಮಾಧಾನ ಹೇಳಲಿ?" ಎಂದರು, ಅಷ್ಟೆ. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಇರಲಿ, ರಸೆಲ್‌ನ ಕಥೆಗೆ ಬರೋಣ. 1893ರಲ್ಲಿ ದನ ಕಾಯುವುದನ್ನು ಬಿಟ್ಟು ಚಿತ್ರವನ್ನೇ ವೃತ್ತಿಯಾಗಿ ಹಿಡಿದ. 1896ರಲ್ಲಿ ನ್ಯಾನ್ಸಿ ಎಂಬ ಹುಡುಗಿಯನ್ನು ಮದುವೆಯಾದ. ಅವನು ಗೆಳೆಯರಿಗೆ ಚಿತ್ರಗಳನ್ನು ಸುಮ್ಮನೆ ಕೊಟ್ಟುಬಿಡುವವನು. ಬೆಲೆ ಕಟ್ಟಿ ಮಾರುವ ಭಾರವನ್ನೆಲ್ಲ ಅವಳು ಹೊತ್ತಳು. ಅವಳು ಹೇಳುವ ಬೆಲೆ ಸತ್ತ ಚಿತ್ರಕಾರರಿಗೆ ಮಾತ್ರ ಸಿಗುವಂಥದೆಂದು ಅವನೇ ತಮಾಷೆ ಮಾಡುತ್ತಿದ್ದ. 1911ರಲ್ಲಿ ನ್ಯೂಯಾರ್ಕಿನಲ್ಲಿ, 1914ರಲ್ಲಿ ಲಂಡನ್ನಿನಲ್ಲಿ ಅವನ ಪ್ರದರ್ಶನಗಳು ನಡೆದವು. ಆದರೂ ಅವನು ಬಿಡಾರ ಬದಲಿಸಲಿಲ್ಲ. ಮಾಂಟಾನಾದ ಗ್ರೇಟ್ ಫಾಲ್ಸ್ ಊರಿನಲ್ಲಿ 1903ರಲ್ಲಿ ಟೆಲಿಫೋನ್ ಕಂಬಗಳ ಮರದಿಂದ ಕಟ್ಟಿಸಿದ ಮರದ ಮನೆಯೇ ಅವನ ಚಿತ್ರಶಾಲೆ. ಕಿಸೆಯಲ್ಲಿ ಸದಾ ಜೇನುಮೇಣದ ಉಂಡೆ. ಮಾತನಾಡುತ್ತಲೇ ಬೆರಳುಗಳಲ್ಲಿ ಕರಡಿಯನ್ನೋ ಕುದುರೆಯನ್ನೋ ಮೂಡಿಸುತ್ತಿದ್ದ.

ಅವನ ಸಹಿಯ ಪಕ್ಕದಲ್ಲಿ ಬೈಸನ್ನಿನ ತಲೆಬುರುಡೆಯ ಗುರುತು ಇರುತ್ತಿತ್ತು. ತನಗೆ ಅನ್ನ ಕೊಟ್ಟ ದನಗಳು ಮೇದ ಹುಲ್ಲು ಮೊದಲು ಯಾರದಾಗಿತ್ತೆಂಬುದನ್ನು ಅವನು ಮರೆಯಲಿಲ್ಲ. 1888ರಲ್ಲಿ ಕೆನಡದ ಬ್ಲಡ್ ಎಂಬ ಮೂಲನಿವಾಸಿ ಜನರ ಸಮೀಪದಲ್ಲಿ ಕೆಲವು ತಿಂಗಳು ಇದ್ದು ಬಂದಿದ್ದ. 1912ರಲ್ಲಿ ಮಾಂಟಾನಾದ ಶಾಸನಸಭೆಗೆ 25 ಅಡಿ ಉದ್ದ, 12 ಅಡಿ ಎತ್ತರದ ಚಿತ್ರ ಬರೆಯಬೇಕಾಯಿತು. ಅದಕ್ಕಾಗಿ ಚಿತ್ರಶಾಲೆಯ ಮಾಡನ್ನೇ ಎತ್ತರಿಸಿದರು. ವಿಷಯವೇನು? 1805ರಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಬಿಳಿಯ ಅನ್ವೇಷಕರು ಸೇಲಿಷ್ ಜನರನ್ನು ಭೇಟಿಯಾದದ್ದು. ಇನ್ನೊಬ್ಬನಾದರೆ ಅನ್ವೇಷಕರನ್ನು ನಟ್ಟನಡುವೆ ನಿಲ್ಲಿಸುತ್ತಿದ್ದ. ರಸೆಲ್ ಅವರನ್ನು ಬಲಗಡೆಗೆ ಸರಿಸಿದ; ನಡುವೆ ಕುದುರೆಯೇರಿ ಬರುವವರು ಆ ನೆಲದ ಜನ. ಶಾಸಕರು ದಿನವೂ ತಲೆಯೆತ್ತಿ ನೋಡಬೇಕಾದ ಗೋಡೆಯ ಮೇಲೆ ಆ ಚಿತ್ರವಿದೆ.

1926ರ ಅಕ್ಟೋಬರಿನಲ್ಲಿ ರಸೆಲ್ ತೀರಿಕೊಂಡ. ಮೋಟಾರನ್ನು ಕಂಡರಾಗದವನಾದ್ದರಿಂದ, ಅವನ ಇಚ್ಛೆಯಂತೆ ಶವವನ್ನು ಕುದುರೆ ಗಾಡಿಯಲ್ಲೇ ಕೊಂಡೊಯ್ದರು. ಊರಿನ ಮಕ್ಕಳು ನೋಡಲೆಂದು ಶಾಲೆ ಬಿಟ್ಟರು. ಶಾಲೆ ತಪ್ಪಿಸುತ್ತಿದ್ದವನಿಗೆ ಇದಕ್ಕಿಂತ ಒಪ್ಪುವ ಮರ್ಯಾದೆ ಯಾವುದು? 1959ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ಮಾಂಟಾನಾದ ಪರವಾಗಿ ನಿಲ್ಲಿಸಿದ್ದು ಇವನ ಪ್ರತಿಮೆಯನ್ನು. ಹುಟ್ಟಿದ್ದು ಬೇರೆ ಸಂಸ್ಥಾನದಲ್ಲಿ; ಆದರೂ ಅವನನ್ನು ಹೊರಗಿನವನೆಂದು ಯಾರೂ ಎನ್ನಲಿಲ್ಲ. ಬಂದ ನೆಲವನ್ನು ಕಣ್ಣು ತುಂಬ ನೋಡಿ, ಕಂಡದ್ದನ್ನು ಮುಚ್ಚಿಡದೆ ಹೇಳಿದ್ದರಿಂದ ಅದು ಅವನ ನೆಲವಾಯಿತು. ಹುಟ್ಟೂರು ಬಿಟ್ಟು ಬಂದ ನಮ್ಮಂಥವರಿಗೆ ಇದು ಸಣ್ಣ ಸಮಾಧಾನವಲ್ಲ.

ಈ ಕಥೆಯನ್ನೆಲ್ಲ ಮೊಮ್ಮಗನಿಗೆ ಹೇಳಿದೆವು. ಧಾರವಾಡದಲ್ಲಿರುವ ನಮ್ಮ ಅಕ್ಕನಿಗೆ ತೊಂಬತ್ತರ ಹತ್ತಿರ. ಭಾನುವಾರಕ್ಕೊಮ್ಮೆ ಫೋನಿನಲ್ಲಿ ಅವಳು "ಆರಾಮ?" ಎನ್ನುವಳು, ನಾವು "ಆರಾಮ" ಎನ್ನುವೆವು. "ಇಲ್ಲಿ ಹೇಗಿದೆ ಅಂತ ದೊಡ್ಡಜ್ಜಿಗೆ ಒಂದು ಚಿತ್ರ ಬರೆದು ಕಳಿಸು" ಎಂದು ಹುಡುಗನಿಗೆ ಹೇಳಿದೆವು. ಲೋಕಲ್ ಗಾಡಿಯನ್ನೋ ಸಮುದ್ರವನ್ನೋ ಬರೆದಾನೆಂದು ನಮ್ಮ ಎಣಿಕೆ. ಏನು ಬರೆದನೋ ನೋಡಲಿಲ್ಲ, ಅಂಚೆಗೆ ಹಾಕಿದ.

ಮುಂದಿನ ಭಾನುವಾರ ಅಕ್ಕನ ಫೋನು ಬಂದಿತು. "ಅಲ್ಲೋ ತಮ್ಮಾ, ಫೋನಿನ್ಯಾಗ ಆರಾಮ ಅಂತಿ, ಚಿತ್ರದಾಗ ನೋಡಿದ್ರ ಖಿಡಕಿ ಮುಂದ ಒಬ್ಬನ ಮೊಣಕಾಲು ಹಿಡ್ಕೊಂಡು ಕುಂತೀಯಲ್ಲೋ. ಭಾಳ ನೋಯ್ತಾವೇನು?"

ಈ ಸಲ ಕ್ಷೇಮ ಎನ್ನಲಿಲ್ಲ. "ಹೌದಕ್ಕಾ, ನೋಯ್ತಾವ" ಎಂದೆವು.