ಶಾಲು ಹೊದಿಸಿದರೆ ಮುಗಿಯಿತಾ?

ಕೊಣಾಜೆಯಲ್ಲಿ ಮಂಗಳೂರು ವಿವಿಯ ಘಟಿಕೋತ್ಸವ ಮುಗಿದ ಮರುದಿನ ಪತ್ರಿಕೆಗಳಲ್ಲಿ ಚಿನ್ನದ ಪದಕ ಹಿಡಿದ ಮಕ್ಕಳ ಫೋಟೊ ಬರುತ್ತದೆ. ಅದರಲ್ಲಿ ನಮ್ಮ ಹುಡುಗಿಯೊಬ್ಬಳು ಕಂಡರೆ ಸಾಕು, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ 'ಮಾಶಾ ಅಲ್ಲಾಹ್'ಗಳ ಮಳೆ. ವಾರದೊಳಗೆ ಸನ್ಮಾನ: ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಸಂತೋಷವೇ. ಆದರೆ ಅಲ್ಲಿಗೆ ನಮ್ಮ ಜವಾಬ್ದಾರಿ ಮುಗಿಯಿತಾ?

ಫಲಿತಾಂಶ ಬಂದು ಎಷ್ಟೋ ತಿಂಗಳ ನಂತರ ಘಟಿಕೋತ್ಸವ ನಡೆಯುತ್ತದೆ. ಅಷ್ಟರಲ್ಲಿ ಎಂಎ, ಎಂಎಸ್ಸಿ ಅರ್ಜಿಯ ದಿನ ದಾಟಿರುತ್ತದೆ. ಫೀಸಿಗೆ ಹಣ ಹೊಂದಿಸಲಾಗದ ಮನೆಯ ಹುಡುಗ ದುಬೈ ವಿಮಾನ ಹತ್ತಿರುತ್ತಾನೆ. ಹುಡುಗಿಯ ನಿಕಾಹ್ ಮಾತುಕತೆ ಮುಗಿದಿರುತ್ತದೆ. ಮುಂದೆ ಓದುವುದೋ ಬೇಡವೋ ಎಂದು ಉಪ್ಪ, ಉಮ್ಮ ತೀರ್ಮಾನಿಸುವುದು ಫಲಿತಾಂಶ ಬಂದ ಆ ನಾಲ್ಕೈದು ವಾರಗಳಲ್ಲಿ. ಆಗ ನಾವು ಎಲ್ಲಿರುತ್ತೇವೆ?

ವಿವಿಗಳ ಅನೇಕ ಚಿನ್ನದ ಪದಕಗಳು ದತ್ತಿ ಪದಕಗಳು. ದಾನಿಗಳು ಇಟ್ಟ ಮೂಲಧನವನ್ನು ಮುಟ್ಟದೆ, ಅದರ ಉತ್ಪತ್ತಿಯಿಂದ ವರ್ಷವರ್ಷವೂ ಪದಕ ಕೊಡುತ್ತಾರೆ. ವಕ್ಫ್ ಗೊತ್ತಿರುವ ನಮಗೆ ಈ ಕ್ರಮ ಹೊಸದಲ್ಲ. ಬಡ್ಡಿ ಬೇಡ ಅಂತೀರಾ? ಜಮಾಅತಿನ ಅನುಕೂಲಸ್ಥರೊಬ್ಬರು ಒಂದು ಅಂಗಡಿ ಕೋಣೆಯ ಬಾಡಿಗೆಯನ್ನು ಇದಕ್ಕೆಂದೇ ಬಿಟ್ಟುಕೊಡಲಿ. ಪದವಿಯಲ್ಲಿ ಒಳ್ಳೆಯ ಅಂಕ ತೆಗೆದ ಒಂದು ಮಗುವಿನ ಸ್ನಾತಕೋತ್ತರ ಫೀಸು ಅದರಿಂದ ನಡೆಯಲಿ. ರ‍್ಯಾಂಕ್ ಕೆಲವರಿಗಷ್ಟೇ ಸಿಗುವುದು. ಎರಡು ಅಂಕದಲ್ಲಿ ಅದು ತಪ್ಪಿದವರ ಹೆಸರೂ ನಮ್ಮ ಪಟ್ಟಿಯಲ್ಲಿರಲಿ.

ಸನ್ಮಾನ ಬೇಡವೆಂದು ನಾವು ಹೇಳುತ್ತಿಲ್ಲ. ಅದನ್ನು ಫಲಿತಾಂಶ ಬಂದ ವಾರವೇ ಮಾಡೋಣ. ಶಾಲು ಹೊದಿಸುವಾಗ ಕೇಳೋಣ: "ಮಗಳೇ, ಮುಂದೆ ಏನು ಓದ್ತೀ? ಫೀಸು ಎಷ್ಟು?"