ಟಿಕೆಟು ದಾರಿಯನ್ನು ದುರಸ್ತಿ ಮಾಡುವುದಿಲ್ಲ

2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತದ ಕಾಲುದಾರಿಯಲ್ಲಿ ಚಾರಣಿಗರು ಜಾತ್ರೆಯಂತೆ ನೆರೆದುದನ್ನು ನಾಡೆಲ್ಲ ಕಂಡಿತು. ಬಳಿಕ ಸರ್ಕಾರ ಚಾರಣಕ್ಕೆ ತಡೆಯೊಡ್ಡಿ, ಮುಂಗಡ ನೋಂದಣಿಯನ್ನೂ ಜನಮಿತಿಯನ್ನೂ ಜಾರಿಗೆ ತಂದಿತು. ಮಿತಿ ಬೇಕಾದುದೇ. ಆದರೆ ಸವೆದ ದಾರಿಯನ್ನು ಕಾಯುವವರಾರು?

ಬೆಟ್ಟದ ದಾರಿಯನ್ನು ಕೆಡಿಸುವುದು ಕೇವಲ ಕಾಲಲ್ಲ. ಕಾಲು ಹುಲ್ಲನ್ನು ಸವೆಸುತ್ತದೆ, ಉಳಿದುದನ್ನು ಮಳೆನೀರು ಮುಗಿಸುತ್ತದೆ. ದಾರಿಯೇ ಕೊರಕಲಾಗುತ್ತದೆ. ಕೆಸರಿಗೆ ಅಂಜಿದವರು ಅಂಚಿನಲ್ಲಿ ನಡೆಯುತ್ತಾರೆ. ಒಂದು ದಾರಿ ಮೂರಾಗುತ್ತದೆ. ಕೊಚ್ಚಿಹೋದ ಮಣ್ಣು ಕೆಳಗಿನ ಹಳ್ಳವನ್ನು ಸೇರುತ್ತದೆ.

ಅಮೆರಿಕದ ಅಪಲೇಚಿಯನ್ ದಾರಿಯನ್ನು ನೋಡಿರಿ. 1921ರಲ್ಲಿ ಬೆಂಟನ್ ಮಕಾಯ್ ಅದರ ಕಲ್ಪನೆಯನ್ನು ಮುಂದಿಟ್ಟರು. 1937ರಲ್ಲಿ ಅದು ಪೂರ್ಣಗೊಂಡಿತು. 14 ರಾಜ್ಯಗಳನ್ನು ಹಾಯುವ, ಸುಮಾರು 3,500 ಕಿಲೋಮೀಟರು ಉದ್ದದ ಆ ದಾರಿಯನ್ನು ಮುಖ್ಯವಾಗಿ ಸ್ವಯಂಸೇವಕರೇ ಕಾಯುತ್ತಿದ್ದಾರೆ. ಸುಮಾರು 30 ಸಂಘಗಳು ದಾರಿಯನ್ನು ಪಾಲು ಹಂಚಿಕೊಂಡಿವೆ. 2024ರ ಹೆಲೀನ್ ಚಂಡಮಾರುತ ಅದರ ದಕ್ಷಿಣ ಭಾಗದಲ್ಲಿ ಲೆಕ್ಕವಿಲ್ಲದಷ್ಟು ಮರಗಳನ್ನು ಉರುಳಿಸಿದಾಗಲೂ ದಾರಿ ಬಿಡಿಸಲು ಅವರೇ ಶ್ರಮಿಸಿದರು.

ಅಲ್ಲಿ ಉತ್ಸಾಹವೊಂದೇ ಅರ್ಹತೆಯಲ್ಲ. ನೀರಿನ ನಡೆಯನ್ನು ಓದಲು ಕಲಿಯಬೇಕು: ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು, ದಾರಿಗೆ ಓರೆಯಾಗಿ ಕಲ್ಲನ್ನೋ ಮರದ ದಿಮ್ಮಿಯನ್ನೋ ಹುಗಿದು ನೀರನ್ನು ಹೊರಗೆ ತಿರುಗಿಸಬೇಕು, ಅದರ ಬಾಯಿಯನ್ನು ಆಗಾಗ ಬಿಡಿಸುತ್ತಿರಬೇಕು. ಗರಗಸ ಹಿಡಿಯುವವರಿಗೆ ತರಬೇತಿಯೂ ಪ್ರಮಾಣಪತ್ರವೂ ಬೇಕು.

ಇದು ನಮಗೆ ತೀರ ಹೊಸದೇ? ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆದ ಮಲೆನಾಡಿನ ರೈತನಿಗೆ ನೀರಿನ ಬುದ್ಧಿ ಗೊತ್ತು. ಆ ಅರಿವನ್ನು ಕೇಳುವವರಿಲ್ಲ. ಊರಿನವನನ್ನು ಹೊರೆ ಹೊರಲಷ್ಟೇ ಕರೆಯುತ್ತಾರೆ.

"ಪೇಟೆಯವರ ಮೋಜಿಗೆ ನಾವೇಕೆ ಬಿಟ್ಟಿ ದುಡಿಯಬೇಕು?" ಎಂದು ಹಳ್ಳಿಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸ್ವಯಂಸೇವೆಯ ಹೆಸರಿನಲ್ಲಿ ಬಡವನ ಕೂಲಿಯನ್ನು ಕಸಿಯುವುದನ್ನು ನಾವು ಒಪ್ಪೆವು. ಅಪಲೇಚಿಯನ್ ದಾರಿಗೂ 1968ರ ಕಾನೂನಿನ ರಕ್ಷಣೆಯಿದೆ, ಸರ್ಕಾರಿ ಇಲಾಖೆಗಳ ಹೊಣೆಯಿದೆ. ಆದುದರಿಂದ ಚಾರಣ ಶುಲ್ಕದ ಒಂದು ಪಾಲು ಆಯಾ ದಾರಿಗೇ ಮೀಸಲಾಗಲಿ. ಕೆಲಸ ಕಲಿಸುವ ಊರಿನವರಿಗೆ ಸಂಬಳ ದೊರೆಯಲಿ. ನಡೆಯುವವರು ಮತ್ತು ವಿದ್ಯಾರ್ಥಿಗಳು ಶ್ರಮವನ್ನು ನೀಡಲಿ.

ಇನ್ನೊಂದು ಎಚ್ಚರ. ಅಭಯಾರಣ್ಯದೊಳಗೆ ಇಲಾಖೆಯ ಅನುಮತಿಯಿಲ್ಲದೆ ಹಾರೆಯೆತ್ತುವುದು ಸೇವೆಯಲ್ಲ, ಅತಿಕ್ರಮಣ. ಹೊಸ ದಾರಿ ಕಡಿಯುವುದು ನಮ್ಮ ಉದ್ದೇಶವೂ ಅಲ್ಲ. ಇರುವ ದಾರಿ ಹಿಗ್ಗದಂತೆ, ಬೇಡದ ಅಡ್ಡದಾರಿಗಳಲ್ಲಿ ಮತ್ತೆ ಹುಲ್ಲು ಚಿಗುರುವಂತೆ ನೋಡಿಕೊಳ್ಳುವುದೇ ಕೆಲಸ.

ಅರಣ್ಯ ಇಲಾಖೆ ಗ್ರಾಮಸ್ಥರನ್ನೂ ಕಾಲೇಜುಗಳನ್ನೂ ಕೂಡಿಸಿ, ಪ್ರತಿ ಚಾರಣದಾರಿಗೊಂದು ತರಬೇತಿ ಪಡೆದ ತಂಡವನ್ನು ಕಟ್ಟಲಿ. ವಿದ್ಯಾರ್ಥಿಗಳೇ, ಶಿಖರದಲ್ಲಿ ಚಿತ್ರ ತೆಗೆಸಿಕೊಂಡವರು ಸಾವಿರಾರು ಮಂದಿ ಇದ್ದಾರೆ. ಮುಂಗಾರಿಗೆ ಮೊದಲು ಒಂದು ನೀರ್ಗಂಡಿಯನ್ನು ಬಿಡಿಸಿದವರು ಎಷ್ಟು ಮಂದಿ?